ಹೇಳಿದವರ ಹೆಸರು

ಮಂಡ್ಯ ಸೀಮೆಯ ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಸನಗಳನ್ನು ಶಾಸನತಜ್ಞ ಬಿ. ಎಲ್. ರೈಸ್ 1898ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟದಲ್ಲಿ ಹೊರತಂದರು. ಶ್ರೀರಂಗಪಟ್ಟಣದ ಶಾಸನಗಳು ಅದಕ್ಕೂ ನಾಲ್ಕು ವರ್ಷ ಮೊದಲೇ ಮೂರನೆಯ ಸಂಪುಟದಲ್ಲಿ ಬಂದಿದ್ದವು. ಅವರು ಪಾಲಿಸಿದ ಪದ್ಧತಿಯನ್ನು ಗಮನಿಸಬೇಕು. ಕಲ್ಲಿನ ಮೇಲಿದ್ದ ಪಾಠ ಕನ್ನಡ ಲಿಪಿಯಲ್ಲಿ, ಅದೇ ಪಾಠ ರೋಮನ್ ಲಿಪಿಯಲ್ಲಿ, ಜೊತೆಗೆ ಇಂಗ್ಲಿಷ್ ಅನುವಾದ. ಅನುವಾದ ತಪ್ಪೆನಿಸಿದರೆ ಊರಿನ ಮೇಷ್ಟರೊಬ್ಬರು ಮೂಲಪಾಠ ತೆರೆದು ತಕರಾರು ಎತ್ತಬಹುದಿತ್ತು. ಅದೇ ನೆಲದಲ್ಲಿ ಉಸಿರಾಡುತ್ತಿದ್ದ ಜನರನ್ನು ಕುರಿತು ಬರೆದ ಮಾನವಶಾಸ್ತ್ರದ ಪತ್ರಿಕೆಗಳು ಮಾತ್ರ ಈ ಮರ್ಯಾದೆಯನ್ನು ಬಹುಕಾಲ ತೋರಿಸಲಿಲ್ಲ. ಕಲ್ಲಿನ ಮಾತಿಗೆ ಸಿಕ್ಕ ಗೌರವ ಬಾಯಿಮಾತಿಗೆ ಸಿಗಲಿಲ್ಲ. ಇಂಥ ಪತ್ರಿಕೆ ಯಾರಿಗಾಗಿ, ಯಾವ ಭಾಷೆಯಲ್ಲಿ ನಡೆಯಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಇಲ್ಲಿಯೇ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಓಡಾಡಿ ಬೇಸಾಯ, ಕಸುಬು, ಜಾತಿಗಳನ್ನು ಕೇಳಿ ಬರೆದುಕೊಂಡ. ಅದು ಆಳುವವರಿಗೆ ಬೇಕಾಗಿದ್ದ ಲೆಕ್ಕ. ಮುಂದೆ ಎಚ್. ವಿ. ನಂಜುಂಡಯ್ಯನವರು ಮೈಸೂರು ಸಂಸ್ಥಾನದ ಜನಾಂಗ ಸಮೀಕ್ಷೆ ನಡೆಸಿದರು. ಅವರ ಸಾಮಗ್ರಿಯನ್ನು ಎಲ್. ಕೆ. ಅನಂತಕೃಷ್ಣ ಅಯ್ಯರ್ 1928ರಿಂದ 1935ರವರೆಗೆ ನಾಲ್ಕು ದೊಡ್ಡ ಸಂಪುಟಗಳಾಗಿ ಬೆಳೆಸಿದರು. ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯ ತ್ರೈಮಾಸಿಕ, ರಾಂಚಿಯಲ್ಲಿ ಶರತ್ ಚಂದ್ರ ರಾಯ್ 1921ರಲ್ಲಿ ಶುರುಮಾಡಿದ ‘ಮ್ಯಾನ್ ಇನ್ ಇಂಡಿಯಾ’ ಇಂಥ ಬರಹಗಳಿಗೆ ಜಾಗ ಕೊಟ್ಟವು. ಆ ಶ್ರಮ ಚಿಕ್ಕದಲ್ಲ. ಅವರು ಬರೆದಿಡದಿದ್ದರೆ ಎಷ್ಟೋ ಆಚರಣೆಗಳ ಸುಳಿವೂ ನಮಗೆ ಉಳಿಯುತ್ತಿರಲಿಲ್ಲ. ಆದರೆ ಆ ಬರವಣಿಗೆಯಲ್ಲಿ ಮಾತಾಡುವುದು ‘ಇಂಥ ಜಾತಿ’. ಇಂಥ ಊರಿನ ಇಂಥ ಮನುಷ್ಯ ಅಲ್ಲ. ಇಂಗ್ಲಿಷಿನಲ್ಲಿದ್ದುದರಿಂದ, ಯಾರ ಮದುವೆ, ಯಾರ ತಿಥಿ ಅದರಲ್ಲಿ ವರ್ಣನೆಯಾಯಿತೋ ಅವರ ಮನೆ ಬಾಗಿಲಿಗೆ ಅದು ಬರಲಿಲ್ಲ.

ಒಳಗಿನವರೇ ಬರೆದರೆ ಇದು ಸರಿಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ಉದಾಹರಣೆ ನಮ್ಮ ಮುಂದಿದೆ. ಅವರ ಮನೆತನ ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯದು. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲೆಸಿ ಅದಕ್ಕೆ ರಾಂಪುರ ಎಂಬ ಮರೆಹೆಸರು ಕೊಟ್ಟರು. ಮೈಸೂರಿನ ಅಗಸರ ಒಂದು ಜಾತಿ ವ್ಯಾಜ್ಯವನ್ನು ಕುರಿತು ಅವರು ಬರೆದದ್ದು 1954ರ ‘ಈಸ್ಟರ್ನ್ ಆಂಥ್ರೊಪಾಲಜಿಸ್ಟ್’ನಲ್ಲಿ ಬಂತು. ಸಂಖ್ಯೆ, ಭೂಮಿ, ವರ್ಚಸ್ಸು ಕೂಡಿ ಒಂದು ಜಾತಿ ಊರನ್ನು ಹೇಗೆ ಹಿಡಿತದಲ್ಲಿಡುತ್ತದೆ ಎಂಬುದನ್ನು ರಾಂಪುರದ ಒಕ್ಕಲಿಗರ ಮೂಲಕ ತೋರಿಸಿದ ಲೇಖನ 1959ರ ‘ಅಮೆರಿಕನ್ ಆಂಥ್ರೊಪಾಲಜಿಸ್ಟ್’ನಲ್ಲಿ ಬಂತು. ಇಂದು ಚುನಾವಣೆ ಬಂದಾಗಲೆಲ್ಲ ನಾವು ಆಡುವ ‘ಪ್ರಬಲ ಜಾತಿ’ ಎಂಬ ಮಾತಿನ ಬೇರು ಅಲ್ಲಿದೆ. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದ ಮೇಲೆ ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಎರಡು ವರ್ಷದ ನಂತರ ‘ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಷಿಯಾಲಜಿ’ ಅದರ ಮೇಲೆ ವಿಶೇಷ ಚರ್ಚೆಯನ್ನೇ ಏರ್ಪಡಿಸಿತು. ಲೂಯಿ ಡ್ಯೂಮಾಂ ಮತ್ತು ಡೇವಿಡ್ ಪೊಕಾಕ್ 1957ರಲ್ಲಿ ಕಟ್ಟಿದ, 1967ರಿಂದ ಟಿ. ಎನ್. ಮದನ್ ಹೊಸ ಸರಣಿಯಾಗಿ ನಡೆಸಿದ ಆ ಪತ್ರಿಕೆಯ ದೊಡ್ಡ ಗುಣವೇ ವಾದಕ್ಕೆ ಪ್ರತಿವಾದ ಕರೆಯುವುದು. ಆದರೂ ಆ ಚರ್ಚೆ ವಿದ್ವಾಂಸರೊಳಗೇ ಮುಗಿಯಿತು. ಬರೆದವರು ಕನ್ನಡಿಗರಾದರೇನು, ಚರ್ಚೆಯ ಭಾಷೆ ಬೇರೆಯಾದಾಗ ರಾಂಪುರಕ್ಕೆ ಉತ್ತರ ಕೊಡುವ ದಾರಿ ಇರಲಿಲ್ಲ.

ಹೆಸರು ಮರೆಮಾಡುವುದು ಜನರ ರಕ್ಷಣೆಗಾಗಿ ಎಂಬ ಆಕ್ಷೇಪಣೆ ತೂಕದ್ದು. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಐವತ್ತರ ದಶಕದಲ್ಲಿ ಮಂಡ್ಯದ ಸುತ್ತ ಕೆಲಸ ಮಾಡಿ, ನಾಲೆಯ ನೀರು ಹರಿದ ಹಳ್ಳಿಯನ್ನು ವಂಗಲ, ನೀರು ಏರದ ಹಳ್ಳಿಯನ್ನು ದಲೇನ ಎಂದು ಕರೆದರು. ಕನ್ನಂಬಾಡಿ ಅಣೆಕಟ್ಟಿನ ನೀರು ಬಂದ ಊರು ಕಬ್ಬು ಬೆಳೆದುಕೊಂಡು ಹಳೆಯ ಕಟ್ಟುಪಾಡಿನಲ್ಲೇ ಉಳಿಯಿತು, ಒಣ ಊರಿನವರು ಹೊರಗಿನ ಕಸುಬು ಹುಡುಕಿ ಬದಲಾದರು ಎಂಬುದು ಅವರು 1962ರ ಪುಸ್ತಕದಲ್ಲಿ ಕಾಣಿಸಿದ ಸಂಗತಿ. ಸಾಲ, ಪಂಚಾಯ್ತಿ ಜಗಳ, ದಾಯಾದಿ ಮತ್ಸರಗಳನ್ನು ಬರೆಯುವಾಗ ಮರೆ ಇರಲೇಬೇಕು, ಅದನ್ನು ಒಪ್ಪೋಣ. ಆದರೆ ಹಾಡು, ಹಸೆ, ಮದ್ದು, ಬಿತ್ತನೆಯ ಅರಿವು ಒಬ್ಬರ ದುಡಿಮೆಯ ಗಳಿಕೆ. ಅಲ್ಲಿ ಹೆಸರು ಅಳಿಸಿದರೆ ಅದು ರಕ್ಷಣೆಯಲ್ಲ, ಗಳಿಸಿದವರಿಂದ ಗಳಿಕೆಯನ್ನು ಕಿತ್ತುಕೊಂಡಂತೆ.

ಇದನ್ನು ಚೆನ್ನಾಗಿ ಅರಿತವರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್. ಎಲ್. ನಾಗೇಗೌಡರು. ಅವರ ಒಂದು ಸಂಗ್ರಹದ ಹೆಸರು ‘ಸೋಬಾನೆ ಚಿಕ್ಕಮ್ಮನ ಪದಗಳು’. ಹಾಡಿದವಳ ಹೆಸರು ರಕ್ಷಾಪುಟದ ಮೇಲೆಯೇ ಇದೆ! ವಿದೇಶಿ ಪ್ರವಾಸಿಗರು ನಮ್ಮನ್ನು ಕುರಿತು ಬರೆದದ್ದನ್ನು ‘ಪ್ರವಾಸಿ ಕಂಡ ಇಂಡಿಯಾ’ ಮಾಲೆಯಲ್ಲಿ ಕನ್ನಡಕ್ಕೆ ತಂದವರೂ ಅವರೇ. ನಮ್ಮ ಬಗ್ಗೆ ಹೇಳಿದ್ದನ್ನು ನಾವು ಓದಬೇಕು ಎಂಬ ಹಟ ಅದರಲ್ಲಿ ಕಾಣುತ್ತದೆ. 1979ರಲ್ಲಿ ಅವರು ಕಟ್ಟಿದ ಕರ್ನಾಟಕ ಜಾನಪದ ಪರಿಷತ್ತಿನ ‘ಜಾನಪದ ಜಗತ್ತು’ ತ್ರೈಮಾಸಿಕವನ್ನು ನಾನು ಮಾನವಶಾಸ್ತ್ರದ ಪತ್ರಿಕೆಗಳ ಸಾಲಿನಲ್ಲೇ ಇಡುತ್ತೇನೆ. ಅದೇ ತಾಲ್ಲೂಕಿನ ಅಂಬಲಜೀರಹಳ್ಳಿಯ ಜೀ. ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳನ್ನು ವಿಂಗಡಿಸಿ ವಿವರಿಸಿದ್ದನ್ನು ಕಂಡವರು, ಜಾನಪದವೆಂದರೆ ಬರೀ ಸಂಗ್ರಹ, ಶಾಸ್ತ್ರವಲ್ಲ ಎನ್ನಲಾರರು. ಕನ್ನಡದಲ್ಲಿ ಬರೆದರೆ ಲೋಕಕ್ಕೆ ಬಾಗಿಲು ಮುಚ್ಚುತ್ತದೆ ಎನ್ನುವವರಿಗೆ ರೈಸ್ ಅವರ ಸಂಪುಟವೇ ಉತ್ತರ. ಮೂಲವೂ ಅನುವಾದವೂ ಒಂದೇ ಹೊದಿಕೆಯೊಳಗೆ ಇರಬಲ್ಲವು ಎಂದು ಅದು ಆಗಲೇ ತೋರಿಸಿದೆ. ಆದ್ದರಿಂದ ಈ ಸೀಮೆಯ ಲೇಖನ ಕೈಗೆ ಬಂದಾಗ ಸಂಪಾದಕರು ಮೊದಲು ಹೇಳಿದವರ ಮಾತು ಅವರ ನುಡಿಯಲ್ಲೇ ಇದೆಯೇ ಎಂದು ನೋಡಲಿ. ಅಚ್ಚಾದ ಸಂಚಿಕೆ ಆ ಊರಿಗೆ ಹೋಗಲಿ, ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇರಲಿ. ಪಾಂಡವಪುರದ ಕಡೆ ಹಸೆಮಣೆ ಮುಂದೆ ಕೂತ ಮುದುಕಿಯೊಬ್ಬಳು ‘ಈ ಸೊಲ್ಲು ಹಿಂಗಲ್ಲ ಕಣಪ್ಪ’ ಎಂದರೆ ಅದನ್ನೂ ಅವಳ ಹೆಸರಿನಲ್ಲೇ ಅಚ್ಚು ಮಾಡುವುದಕ್ಕೆ.