ಬಾಕಿಯ ಹೆಸರೂ ಬಾಡಿಗೆಯ ಖೋಲಿಯೂ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಪಂಡಿತರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿಪಟ್ಟಿ ಬರೆಯುವವರು. ಇಂದು ಮಾತನಾಡಲು ನಮಗಿರುವ ಅರ್ಹತೆ ಒಂದೇ: ಸಾಲದ ಬಾಕಿಯಿಂದ ಹೆಸರು ಕೆಡಿಸಿಕೊಂಡು, ಈ ಮುಂಬಯಿಯಲ್ಲಿ ಬಾಡಿಗೆ ಖೋಲಿಗಾಗಿ ಎರಡು ತಿಂಗಳು ಅಲೆದವರು ನಾವು.

ತಾಯಿಯ ಆಸ್ಪತ್ರೆಯ ಖರ್ಚಿಗೆಂದು ಸಾಲ ತೆಗೆದಿದ್ದೆವು. ನಾಲ್ಕು ಕಂತು ತಪ್ಪಿದವು. ವಸೂಲಿಯವನು ಬಂದು, ‘ಇಷ್ಟು ಕೊಟ್ಟುಬಿಡಿ, ಮಿಕ್ಕದ್ದು ಬಿಟ್ಟೆವು’ ಎಂದ. ಹೆಂಡತಿಯ ಬಳೆ ಮಾರಿ ಕೊಟ್ಟೆವು. ಋಣ ಹರಿಯಿತೆಂದು ಊರ ದೇವರಿಗೆ ಕಾಯಿ ಒಡೆಸಿದೆವು. ಮೂರು ವರ್ಷದ ಮೇಲೆ, ಇದ್ದ ಚಾಳನ್ನು ಕೆಡವುತ್ತಾರೆಂದಾಗ ಬೇರೆ ಖೋಲಿ ಹುಡುಕಲು ಹೊರಟೆವು. ದಲಾಲನು ‘ಸಿಬಿಲ್ ಕಾಗದ ತನ್ನಿ’ ಎಂದ. ತೆಗೆಸಿ ನೋಡಿದರೆ ಆ ಸಾಲದ ಮುಂದೆ ‘ಕ್ಲೋಸ್ಡ್’ ಎಂದಿಲ್ಲ, ‘ಸೆಟಲ್ಡ್’ ಎಂದಿದೆ! ಅಂದರೆ ಪೂರ್ತಿ ತೀರಿಸಲಿಲ್ಲ, ಬಂದಷ್ಟಕ್ಕೆ ಮುಗಿಸಿಕೊಂಡೆವು ಎಂದರ್ಥ. ಮಾಲೀಕರು ಕಾಗದವನ್ನು ಮಡಿಸಿ ಹಿಂದಕ್ಕೆ ಕೊಟ್ಟರು. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಆ ಮೆಟ್ಟಿಲು ಇಳಿದದ್ದನ್ನು ನಾವು ಇನ್ನೂ ಮರೆತಿಲ್ಲ.

ಸಿಬಿಲ್ ಎಂಬುದು 2000ದಲ್ಲಿ ಸ್ಥಾಪನೆಯಾದ ಒಂದು ಕಂಪನಿ. ಬ್ಯಾಂಕುಗಳು ಕಳಿಸುವ ಲೆಕ್ಕ ನೋಡಿ 300ರಿಂದ 900ರವರೆಗೆ ಅಂಕ ಕೊಡುತ್ತದೆ. ಇಂಥ ಕಂಪನಿಗಳು ದೇಶದಲ್ಲಿ ನಾಲ್ಕಿವೆ. ಅವರ ಕಾಗದದಲ್ಲಿರುವುದು ಸಾಲದ, ಕ್ರೆಡಿಟ್ ಕಾರ್ಡಿನ ಜಾತಕ. ಆರು ವರ್ಷ ಒಂದು ತಿಂಗಳೂ ತಪ್ಪದೆ ನಾವು ಬಾಡಿಗೆ ಕೊಟ್ಟ ಸಂಗತಿಗೆ ಅಲ್ಲಿ ಒಂದು ಗೆರೆಯೂ ಇರಲಿಲ್ಲ. ಬಾಡಿಗೆದಾರನನ್ನು ಅಳೆಯಲು ಇದು ಸೊಟ್ಟ ಗಜವೆಂದೇ ನಮ್ಮ ಅಭಿಪ್ರಾಯ. ಆದರೆ ಖೋಲಿ ಅವರದು, ಕೇಳುವವರು ಕೇಳುತ್ತಾರೆ. ಎಲ್ಲರೂ ಕೇಳುವುದಿಲ್ಲವೆನ್ನಿ, ಕೆಲವರಿಗೆ ಇಂದಿಗೂ ನಮ್ಮ ಊರು, ಜಾತಿ, ಒಲೆಯ ಮೇಲೆ ಏನು ಬೇಯುತ್ತದೆ ಎಂಬುದೇ ಮುಖ್ಯ. ಅದು ಬೇರೊಂದು ಭಾಷಣದ ವಿಷಯ.

ಆದ್ದರಿಂದ ಖೋಲಿ ಹುಡುಕುವ ಮೊದಲು ನಿಮ್ಮ ಕಾಗದವನ್ನು ನೀವೇ ನೋಡಿರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2017ರಿಂದ ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ತೀರಿದ ಸಾಲ ಬಾಕಿಯೆಂದು ಬಂದಿದ್ದರೆ, ಇನ್ನೊಬ್ಬರ ಸಾಲ ನಿಮ್ಮ ಹೆಸರಿಗೆ ಕುಳಿತಿದ್ದರೆ, ದೂರು ಕೊಡಿರಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ರಿಸರ್ವ್ ಬ್ಯಾಂಕು ವಿಧಿಸಿದೆ. ದುಡ್ಡು ಕೊಟ್ಟರೆ ಅಂಕ ಏರಿಸುತ್ತೇವೆ ಎನ್ನುವವನಿಗೆ ಮಾತ್ರ ಚಿಕ್ಕಾಸೂ ಬಿಚ್ಚಬೇಡಿ. ನಿಜವಾದ ಬಾಕಿಯನ್ನು ಅಳಿಸುವ ಮಂತ್ರ ಯಾರಲ್ಲೂ ಇಲ್ಲ.

ಬಾಕಿ ನಿಜವಾಗಿದ್ದರೆ? ನಮ್ಮದು ನಿಜವೇ ಆಗಿತ್ತು. ಐದನೆಯ ಖೋಲಿಗೆ ಹೋದಾಗ, ಅವರು ಕೇಳುವ ಮೊದಲೇ ನಡೆದದ್ದನ್ನು ಹೇಳಿಬಿಟ್ಟೆವು. ಸಂಬಳದ ಚೀಟಿ, ಬ್ಯಾಂಕಿನ ಆರು ತಿಂಗಳ ಲೆಕ್ಕ, ಹಳೆಯ ಚಾಳಿನ ಬಾಡಿಗೆ ರಸೀದಿಗಳ ಕಟ್ಟು, ಎಲ್ಲವನ್ನೂ ಮುಂದಿಟ್ಟೆವು. ಆ ವೃದ್ಧ ಮಾಲೀಕರು ಸಿಬಿಲನ್ನು ಬದಿಗಿಟ್ಟು ರಸೀದಿಗಳನ್ನು ಒಂದೊಂದಾಗಿ ತಿರುವಿದರು. ಠೇವಣಿಯನ್ನು ಒಂದು ತಿಂಗಳ ಬಾಡಿಗೆಯಷ್ಟು ಹೆಚ್ಚು ಕೇಳಿದರು, ಒಪ್ಪಿದೆವು.

ಇಲ್ಲೇ ಎಚ್ಚರ ಬೇಕು. ಹೆಸರು ಕೆಟ್ಟವನು ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾನೆ. ನಮ್ಮ ಖಾತೆಯ ಗೆಳೆಯರೊಬ್ಬರು ಠೇವಣಿಯನ್ನು ನಗದಾಗಿ ದಲಾಲನ ಕೈಗೆ ಕೊಟ್ಟು, ಕರಾರಿಲ್ಲದೆ ಒಳಹೊಕ್ಕರು. ಬಿಡುವಾಗ ಕೇಳಿದರೆ, ‘ಯಾವ ಠೇವಣಿ?’ ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನಂತೆ ಕರಾರು ಬರಹದಲ್ಲಿದ್ದು ನೋಂದಣಿಯಾಗಬೇಕು. ಆ ಹೊಣೆ ಮಾಲೀಕರದು. ನೋಂದಣಿ ಇಲ್ಲದಲ್ಲಿ, ಬೇರೆ ರೀತಿ ರುಜುವಾಗುವ ತನಕ, ಷರತ್ತುಗಳ ಬಗ್ಗೆ ಬಾಡಿಗೆದಾರನ ಮಾತೇ ನಿಲ್ಲುತ್ತದೆ. ಇದನ್ನು ಆ ಗೆಳೆಯರಿಗೆ ಹೇಳೋಣವೆಂದರೆ ಆಗ ನಮಗೂ ತಿಳಿದಿರಲಿಲ್ಲ. ಅವರು ಬೇಸತ್ತು ಊರಿಗೆ ಹೋಗಿಬಿಟ್ಟರು. ಠೇವಣಿಯ ಮೊತ್ತ ಕರಾರಿನಲ್ಲಿರಲಿ, ಹಣ ಬ್ಯಾಂಕಿನ ಮೂಲಕ ಹೋಗಲಿ. ಠೇವಣಿಗೆಂದು ಮೊಬೈಲಿನ ಸಾಲಕ್ಕೆ ಕೈ ಹಾಕಿದರೆ ಅದರ ಕಂತೂ ಅದೇ ಕಾಗದಕ್ಕೆ ಏರುತ್ತದೆ.

ವರದಿ ತೆಗೆಯಲು ಬಾರದವರು ಮುಂದಿನ ಭಾನುವಾರ ಸಂಜೆ ಪತ್ರಿಕೆಗಳ ಮೇಜಿನ ಬಳಿ ಬನ್ನಿ. ಪ್ಯಾನ್ ಕಾರ್ಡನ್ನೂ ಮೊಬೈಲನ್ನೂ ತನ್ನಿ. ದೂರಿನ ಅರ್ಜಿ ಬರೆಯಲು ನಾವು ಕುಳಿತಿರುತ್ತೇವೆ. ಹಳೆಯ ಬಾಡಿಗೆ ರಸೀದಿಗಳನ್ನು ರದ್ದಿಯವನಿಗೆ ಹಾಕಬಾರದೆಂದು ಇವತ್ತೇ ಮನೆಯಲ್ಲಿ ಹೇಳಿಬಿಡಿ.