ಬರ ಪರಿಹಾರ ಬಿತ್ತಿದವನಿಗೆ ಸಲ್ಲಲಿ
(ಹೋಬಳಿ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಮಳೆ ನಮ್ಮ ಮಾತು ಕೇಳುವುದಿಲ್ಲ, ನಿಜ. ಆದರೆ ಮಳೆ ಕೈಕೊಟ್ಟಾಗ ಆ ನಷ್ಟವನ್ನು ಯಾರು ಹೊರಬೇಕೆಂದು ಗೊತ್ತುಮಾಡುವುದು ಮೋಡವಲ್ಲ, ಸರ್ಕಾರ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟವು. ರಾಜ್ಯವು ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲಿನಲ್ಲಿ, 3,454 ಕೋಟಿ ಬಂತು. ಖುಷ್ಕಿ ಬೆಳೆಗೆ ನಿಗದಿಯಾದ ದರ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರಿನ ಮಿತಿಗೆ. ಎಕರೆಗೆ ಮೂರೂವರೆ ಸಾವಿರವೂ ಆಗದು. ಬೀಜ, ಗೊಬ್ಬರ, ಉಳುಮೆಯ ಬಾಡಿಗೆಗೆ ಇದು ಸಾಲದೆಂದು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ.

ಈ ಅಲ್ಪವಾದರೂ ಯಾರ ಕೈ ಸೇರಿತು? ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಯಿತು. ಬೇರೆಯವರ ಹೊಲವನ್ನು ವಾರಕ್ಕೋ ಗುತ್ತಿಗೆಗೋ ಮಾಡಿ, ಸಾಲ ತಂದು ಬಿತ್ತಿದವನಿಗೆ ಬೆಳೆಯೂ ಇಲ್ಲ, ಪರಿಹಾರವೂ ಇಲ್ಲ. 2016ರಿಂದ ಇರುವ ಫಸಲ್ ಬಿಮಾ ಯೋಜನೆಯ ನಿಯಮದಲ್ಲಿ ಗುತ್ತಿಗೆ ರೈತನಿಗೂ ಜಾಗವಿದೆ. ಆದರೆ ಗುತ್ತಿಗೆಯ ಕಾಗದ ತೋರಿಸಬೇಕು. ನಮ್ಮಲ್ಲಿ 1974ರ ತಿದ್ದುಪಡಿಯಿಂದ ಗೇಣಿ ರದ್ದಾಗಿದೆ. ಅದು ಉಳುವವನಿಗೆ ಭೂಮಿ ಕೊಟ್ಟ ಕಾನೂನು. ಅದನ್ನು ನಾವು ಬಿಟ್ಟುಕೊಡುವವರಲ್ಲ. ಆದರೂ ಬಾಯಿಮಾತಿನ ಗುತ್ತಿಗೆ ಊರೂರಲ್ಲಿ ನಡೆದೇ ಇದೆ. ಅದಕ್ಕೆ ಕಾಗದ ಎಲ್ಲಿಂದ ಬರಬೇಕು?

ನೆರೆಯ ಆಂಧ್ರವು 2019ರಲ್ಲಿ ಇಂಥ ಸಾಗುವಳಿದಾರರಿಗಾಗಿ 11 ತಿಂಗಳ ಕರಾರಿನ ಕಾನೂನು ಮಾಡಿತು. ಒಡೆತನಕ್ಕೆ ಧಕ್ಕೆಯಿಲ್ಲ, ಬೆಳೆಸಾಲ, ವಿಮೆ, ಪರಿಹಾರಕ್ಕೆ ಮಾತ್ರ ಅದು ಆಧಾರ. ಆದರೆ ಒಡೆಯನ ರುಜು ಬೇಕೆಂದು ಇಟ್ಟರು. ರುಜು ಹಾಕಲೊಲ್ಲದವನ ಹೊಲ ಮಾಡಿದವನು ಹೊರಗೇ ಉಳಿದ.

ಆದ್ದರಿಂದ ನಮ್ಮ ಬೇಡಿಕೆ ಎರಡು. ಒಂದು: ಬಿತ್ತನೆ ಮುಗಿದ ಕೂಡಲೇ ಗ್ರಾಮಸಭೆ ಸೇರಿ, ಯಾವ ಸರ್ವೆ ನಂಬರಿನಲ್ಲಿ ಯಾರು ಏನು ಬಿತ್ತಿದ್ದಾರೆಂದು ಎಲ್ಲರೆದುರು ಪಟ್ಟಿ ಬರೆಯಬೇಕು, ಪರಿಹಾರ, ವಿಮೆ ಆ ಪಟ್ಟಿಯಂತೆ ಸಲ್ಲಬೇಕು. ಎರಡು: ಮಳೆಮಾಪಕದ ಅಂಕಿಗಳನ್ನೂ ವಿಮೆಗಾಗಿ ನಡೆಸುವ ಬೆಳೆ ಕಟಾವು ಪ್ರಯೋಗದ ಇಳುವರಿಯನ್ನೂ ಪಂಚಾಯಿತಿಯ ಗೋಡೆಗೆ ಹಚ್ಚಬೇಕು. ಲೆಕ್ಕ ಕಣ್ಣಿಗೆ ಬಿದ್ದರೆ ಮಾತ್ರ ಪ್ರಶ್ನೆ ಕೇಳಲು ಬರುತ್ತದೆ.

ನಮ್ಮ ಕೈಲಾದದ್ದನ್ನೂ ಮಾಡೋಣ. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಡಬೇಡಿ. ರಾಗಿ ಸೊರಗಿದರೂ ಅವರೆ ಇಬ್ಬನಿಯಲ್ಲಿ ಕಾಯಿ ಕಟ್ಟೀತು. ಆದರೆ ಅಕ್ಕಡಿಯ ಹೆಸರು ಹೇಳಿ ಸರ್ಕಾರ ಜಾರಿಕೊಳ್ಳುವುದಕ್ಕೆ ನಾವು ಬಿಡಬಾರದು.

ಬರುವ ಗ್ರಾಮಸಭೆಗೆ ಪಹಣಿ ಇದ್ದವರೂ ಇಲ್ಲದವರೂ ಕೂಡಿ ಹೋಗೋಣ. ಪಟ್ಟಿ ಬರೆಯುವ ತನಕ ಎದ್ದು ಬರುವುದು ಬೇಡ.