ಎಣ್ಣೆಗೂ ಅಳತೆ ಇರಲಿ
(ಕರ್ಜಗಿಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹೊಲಕ್ಕೆ ಗೊಬ್ಬರವನ್ನು ಅಳೆದು ಹಾಕುವ ನಾವು ಒಗ್ಗರಣೆಗೆ ಎಣ್ಣೆಯನ್ನು ಅಳೆಯುವುದಿಲ್ಲ. ಕೊಬ್ಬು ಶರೀರಕ್ಕೆ ಬೇಕು. ಎ, ಡಿ, ಇ, ಕೆ ಜೀವಸತ್ವಗಳು ಮೈಗೂಡಲು ಅದು ಅವಶ್ಯ. ಆದರೆ ಒಂದು ಗ್ರಾಂ ಪಿಷ್ಟದಿಂದ 4 ಕ್ಯಾಲರಿ ಬಂದರೆ, ಒಂದು ಗ್ರಾಂ ಎಣ್ಣೆಯಿಂದ 9 ಬರುತ್ತದೆ. ಟ್ರ್ಯಾಕ್ಟರು ಬಂದ ಮೇಲೆ ಮೈದುಡಿತ ಕಡಿಮೆಯಾಗಿದೆ. ಖರ್ಚಾಗದೆ ಉಳಿದದ್ದು ಬೊಜ್ಜಾಗುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ತಿಳಿಸಿದಂತೆ, 2000 ಕ್ಯಾಲರಿಯ ಆಹಾರದಲ್ಲಿ ದಿನಕ್ಕೆ 27 ಗ್ರಾಂ ಎಣ್ಣೆ-ತುಪ್ಪ ಸಾಕು. ಐದು ಮಂದಿ ದೊಡ್ಡವರಿರುವ ಮನೆಗೆ ತಿಂಗಳಿಗೆ ಸುಮಾರು 4 ಕಿಲೋ ಆಯಿತು. ಸುಗ್ಗಿಯಲ್ಲಿ ಮೈಮುರಿದು ದುಡಿಯುವವರಿಗೆ ತುಸು ಹೆಚ್ಚು ಬೇಕಾದೀತು.

ಶೇಂಗಾ ಎಣ್ಣೆ, ಕುಸುಬಿ ಎಣ್ಣೆಗಳನ್ನು ಬದಲಿಸಿ ಬದಲಿಸಿ ಬಳಸಿರಿ. ತುಪ್ಪ ಮಿತವಾಗಿರಲಿ. ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೇಡು. ಎಣ್ಣೆ, ವನಸ್ಪತಿಗಳಲ್ಲಿ ಅದು ನೂರಕ್ಕೆ 2ನ್ನು ಮೀರಬಾರದೆಂಬ ನಿಯಮ 2022ರಿಂದ ಜಾರಿಯಲ್ಲಿದೆ. ಆದರೆ ಮಿರ್ಚಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ನಮ್ಮ ಒಲೆಯ ಮೇಲೆಯೇ ಕೇಡು ಹುಟ್ಟುತ್ತದೆ. ರೊಟ್ಟಿಗೆ ಶೇಂಗಾ ಚಟ್ನಿ ಇದ್ದ ದಿನ ಮೇಲೆ ಎಣ್ಣೆ ಸುರಿಯುವುದು ಬೇಡ. ಶೇಂಗಾದಲ್ಲೇ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯುಂಟು.

ಬರುವ ತಿಂಗಳು ಅಳೆದು ನೋಡಿರಿ. ಉಳಿದ ಹಣ ಸೊಪ್ಪು, ಕಾಳುಗಳಿಗೆ ಸಲ್ಲಲಿ.